ಮೆಷಿನ್ ಕೆಟ್ಟಿಲ್ಲ, ಜಾಲರಿ ಕಟ್ಟಿಕೊಂಡಿದೆ

ವಾಷಿಂಗ್ ಮೆಷಿನ್‌ಗೆ ನೀರು ಸಣ್ಣಗೆ ಬರತೊಡಗಿದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು ‘ಬೋರ್ಡ್ ಹೋಗಿರಬೇಕು’ ಎಂಬುದು. ಎಲ್‌ಜಿಯಲ್ಲಿ ‘ಐಇ’, ಸ್ಯಾಮ್‌ಸಂಗ್‌ನಲ್ಲಿ ‘4ಸಿ’ ಅಥವಾ ‘4ಇ’ ಎಂದು ಡಿಸ್‌ಪ್ಲೇ ಮಿನುಗಿದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಆ ಅಕ್ಷರಗಳು ಹೇಳುವುದು ಇಷ್ಟೇ: ಹೊತ್ತಿಗೆ ಸರಿಯಾಗಿ ಬೇಕಾದಷ್ಟು ನೀರು ಒಳಗೆ ಬಂದಿಲ್ಲ. ನಲ್ಲಿ ಅರ್ಧ ತಿರುಗಿಸಿರಬಹುದು, ಪೈಪ್ ಗೋಡೆಗೆ ಒತ್ತಿ ಮಡಚಿಕೊಂಡಿರಬಹುದು, ಟ್ಯಾಂಕ್ ಖಾಲಿಯಿರಬಹುದು. ಇವೆಲ್ಲ ಸರಿಯಿದ್ದರೆ ನೋಡಬೇಕಾದ್ದು ಮೆಷಿನ್ನಿನ ಬೆನ್ನಿಗೆ ಪೈಪ್ ಕೂಡುವ ಬಾಯಲ್ಲಿ ಕುಳಿತಿರುವ ಪುಟ್ಟ ಜಾಲರಿಯನ್ನು.

‘ಫಿಲ್ಟರ್ ಆಗಲೇ ತೊಳೆದಾಯ್ತು’

ಹೀಗೆನ್ನುವವರು ತೊಳೆದಿರುವುದು ಬಹುತೇಕ ಬೇರೆಯದೇ ಫಿಲ್ಟರ್. ಫ್ರಂಟ್ ಲೋಡ್ ಮೆಷಿನ್ನಿನ ಮುಂಭಾಗದಲ್ಲಿ, ಕೆಳಗೆ ಪುಟ್ಟ ಬಾಗಿಲ ಹಿಂದಿರುವುದು ಹೊರಹೋಗುವ ನೀರಿನ ಫಿಲ್ಟರ್. ಗುಂಡಿ, ನಾಣ್ಯ, ಹೇರ್‌ಪಿನ್ ಸಿಗುವುದು ಅಲ್ಲಿ. ಟಾಪ್ ಲೋಡ್ ಡ್ರಮ್ಮಿನೊಳಗಿನದು ಬಟ್ಟೆಯ ನೂಲುಜುಂಗು ಹಿಡಿಯುವುದು. ಒಳಬರುವ ನೀರಿನ ಜಾಲರಿ ಇವೆರಡೂ ಅಲ್ಲ.

‘ಡ್ರಮ್ಮಿಗೆ ಡೀಸ್ಕೇಲಿಂಗ್ ಪುಡಿ ಹಾಕಿದರೆ ಅದೂ ಸ್ವಚ್ಛವಾಗುತ್ತದೆ’

ಆಗುವುದಿಲ್ಲ. ನೀರು ಜಾಲರಿ ದಾಟಿದ ಮೇಲೆ ಡ್ರಮ್ಮಿಗೆ ಬರುತ್ತದೆ, ಡ್ರಮ್ಮಿನಿಂದ ಹಿಂದಕ್ಕೆ ಹೋಗುವುದಿಲ್ಲ. ಪುಡಿ ಎಷ್ಟು ಸುರಿದರೂ ಜಾಲರಿಗೆ ತಾಕುವುದೇ ಇಲ್ಲ.

‘ಜಾಲರಿ ಕಿತ್ತು ಬಿಸಾಡಿ, ನೀರು ಜೋರಾಗಿ ಬರುತ್ತದೆ’

ಈ ಸಲಹೆ ಅತ್ಯಂತ ಅಪಾಯದ್ದು, ಮತ್ತು ಅತಿ ಹೆಚ್ಚು ಕೇಳಿಬರುವುದೂ ಇದೇ. ಕಿತ್ತ ದಿನ ನೀರು ನಿಜಕ್ಕೂ ಜೋರಾಗಿ ಬರುವುದರಿಂದ ಜನ ನಂಬುತ್ತಾರೆ. ಆದರೆ ಜಾಲರಿಯ ಹಿಂದೆಯೇ ಕರೆಂಟಿನಿಂದ ತೆರೆದುಕೊಳ್ಳುವ ವಾಲ್ವ್ ಇದೆ. ಅದರೊಳಗೆ ತೆಳುವಾದ ರಬ್ಬರ್ ಪೊರೆ, ಆ ಪೊರೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು. ಆ ತೂತಿನ ಮೂಲಕ ಪೊರೆಯ ಹಿಂಬದಿಗೆ ತುಂಬಿಕೊಳ್ಳುವ ನೀರಿನ ಒತ್ತಡವೇ ವಾಲ್ವನ್ನು ಬಿಗಿಯಾಗಿ ಮುಚ್ಚಿಡುತ್ತದೆ. ಕರೆಂಟು ಹರಿದಾಗ ಆ ಒತ್ತಡ ಇಳಿದು ಪೊರೆ ಮೇಲೇಳುತ್ತದೆ, ನೀರು ನುಗ್ಗುತ್ತದೆ. ಒಂದೇ ಒಂದು ಮರಳಿನ ಕಾಳು ತೂತಿಗೆ ಅಡ್ಡ ಬಂದರೆ ಅಥವಾ ಪೊರೆ ಕೂರುವ ಅಂಚಿಗೆ ಸಿಕ್ಕಿಕೊಂಡರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ಆಗ ಮೆಷಿನ್ ನಿಂತಿದ್ದರೂ ನೀರು ಒಳಕ್ಕೆ ಜಿನುಗುತ್ತಲೇ ಇರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಡ್ರಮ್ಮಿನಲ್ಲಿ ನೀರು ನಿಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ನೀರು ಒಳಬರುತ್ತಿದ್ದರೆ ದೋಷ ಬೋರ್ಡಿನದಲ್ಲ, ವಾಲ್ವಿನದೇ. ಮೆಕ್ಯಾನಿಕ್ ಬರುವ ಮೊದಲೇ ನೀವೇ ಮಾಡಿ ನೋಡಬಹುದಾದ ಪರೀಕ್ಷೆ ಇದು.

‘ಗಡಸು ನೀರನ್ನು ಜಾಲರಿ ತಡೆಯುತ್ತದೆ’

ಬೋರ್‌ವೆಲ್ ನೀರಿನ ಗಡಸುತನ ನೀರಿನಲ್ಲಿ ಕರಗಿರುವಂಥದ್ದು; ಯಾವ ಜಾಲರಿಗೂ ಸಿಗದು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗಡಸು ನೀರು ಒಣಗಿದ ಕಡೆಯೆಲ್ಲ ಬಿಳಿ ಪದರ ಬಿಡುತ್ತದೆ, ಜಾಲರಿಯ ಮೇಲೂ ಬಿಡುತ್ತದೆ. ಜಾಲರಿ ಹಿಡಿಯುವುದು ಮರಳು, ಹೂಳು, ಹಳೆಯ ಕಬ್ಬಿಣದ ಪೈಪಿನ ತುಕ್ಕು, ಟ್ಯಾಂಕಿನ ಪಾಚಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರ್ ನೀರನ್ನೇ ನಂಬಿದ ಮನೆಗಳು ಬಹಳ. ಹಾಗೆ ನೀರಿನ ಮೂಲ ಬದಲಾದಾಗ, ಟ್ಯಾಂಕ್ ತೊಳೆಸಿದಾಗ, ಬೀದಿಯಲ್ಲಿ ಪೈಪ್ ಅಗೆದು ರಿಪೇರಿ ಮಾಡಿದಾಗ ಜಾಲರಿಯನ್ನೊಮ್ಮೆ ತೆಗೆದು ನೋಡುವುದು ಒಳ್ಳೆಯದು. ‘ನಮ್ಮದು ಕಾವೇರಿ ನೀರು, ನಮಗೆ ಬೇಡ’ ಎನ್ನುವಂತಿಲ್ಲ. ಕಾವೇರಿ ನೀರೂ ನಿಮ್ಮ ಸಂಪು, ಟ್ಯಾಂಕು ದಾಟಿಯೇ ಮೆಷಿನ್ನಿಗೆ ಬರುತ್ತದೆ.

‘ಪ್ರೆಷರ್ ಪಂಪ್ ಹಾಕಿಸದೆ ಬೇರೆ ದಾರಿಯಿಲ್ಲ’

ಸಾವಿರಾರು ರೂಪಾಯಿ ಸುರಿಯುವ ಮೊದಲು ನಲ್ಲಿ ನಿಲ್ಲಿಸಿ, ಪೈಪನ್ನು ಮೆಷಿನ್ನಿನ ಬದಿಯಲ್ಲಿ ಬಿಚ್ಚಿ, ತುದಿಯನ್ನು ಬಕೆಟ್ಟಿಗೆ ಹಿಡಿದು ನಲ್ಲಿ ತೆರೆಯಿರಿ. ನೀರು ಭರ್ರನೆ ಬಂದರೆ ಒತ್ತಡಕ್ಕೆ ಕೊರತೆಯಿಲ್ಲ, ಅಡ್ಡಿ ಇರುವುದು ಜಾಲರಿಯಲ್ಲಿ ಅಥವಾ ವಾಲ್ವಿನಲ್ಲಿ. ಸಣ್ಣಗೆ ಬಂದರೆ ನಲ್ಲಿ, ಪೈಪು, ಟ್ಯಾಂಕಿನ ಎತ್ತರ ನೋಡಬೇಕು. ಸುಮಾರು 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ 1 ಬಾರ್. ಟ್ಯಾಂಕಿನ ಕೆಳಗೇ ಇರುವ ಕೊನೆಯ ಮಹಡಿಯ ಮನೆಗೆ ಸಿಗುವುದು ಅದರ ಕಾಲುಭಾಗವೋ ಏನೋ. ಆದ್ದರಿಂದಲೇ ಜಾಲರಿ ಸ್ವಲ್ಪ ಕಟ್ಟಿಕೊಂಡರೂ ಮೇಲಿನ ಮನೆಯ ಮೆಷಿನ್ ಮೊದಲು ತಕರಾರು ತೆಗೆಯುತ್ತದೆ, ನೆಲಮಹಡಿಯವರಿಗೆ ಗೊತ್ತೇ ಆಗುವುದಿಲ್ಲ.

‘ಪಿನ್ನಿನಿಂದ ಚುಚ್ಚಿದರೆ ಸಾಕು’

ಚುಚ್ಚಿದರೆ ಕಣ್ಣು ಅಗಲವಾಗಿ, ತಡೆಯಬೇಕಾದ ಮರಳೇ ಒಳಕ್ಕೆ ಹೋಗುತ್ತದೆ. ಕೆಲಸ ಕಷ್ಟದ್ದಲ್ಲ. ಪ್ಲಗ್ ತೆಗೆಯಿರಿ, ನಲ್ಲಿ ನಿಲ್ಲಿಸಿ, ಪೈಪಿನ ಕೆಳಗೆ ಮಗ್ಗು ಹಿಡಿದು ಬಿಚ್ಚಿ. ಜಾಲರಿಯ ನಡುವೆ ಹಿಡಿದೆಳೆಯಲೆಂದೇ ಪುಟ್ಟ ಕಿವಿಯೊಂದಿರುತ್ತದೆ. ಅದನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿದು ನೇರವಾಗಿ, ಮೆತ್ತಗೆ ಎಳೆಯಿರಿ. ಮರಳು, ಹೂಳಾದರೆ ಹಳೆಯ ಟೂತ್‌ಬ್ರಷ್ ಸಾಕು. ಬಿಳಿ ಸುಣ್ಣವಾದರೆ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ನೆನೆಹಾಕಿ. ಗುಳ್ಳೆ ಏಳುತ್ತ ಕರಗುವುದು ಕಣ್ಣಿಗೇ ಕಾಣುತ್ತದೆ. ಬಿಸಿನೀರಿನ ಪೈಪೂ ಇದ್ದರೆ ಅದರದು ಬೇರೆ ಜಾಲರಿ. ಕೆಲವು ಪೈಪ್‌ಗಳ ನಲ್ಲಿ ಬದಿಯಲ್ಲೂ ಒಂದಿರುತ್ತದೆ.

ಬೆಳಕಿಗೆ ಹಿಡಿದಾಗ ಹರಿದ ಕಣ್ಣು ಕಂಡರೆ, ಅಂಚು ಮುರಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು. ಇದಕ್ಕೆ ವಾಲ್ವನ್ನೇ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ಜಾಲರಿ ಬಿಡಿಯಾಗಿ ಸಿಗುತ್ತದೆಯೇ ಎಂದು ಮಾಡೆಲ್ ನಂಬರ್ ಕೊಟ್ಟು ಮೊದಲು ಕೇಳಿ. ಅನೇಕ ಮಾಡೆಲ್‌ಗಳಿಗೆ ಸಿಗುತ್ತದೆ. ಪೈಪ್ ಮರಳಿ ಕೂರಿಸುವಾಗ ಸ್ಪ್ಯಾನರ್ ಬೇಡ, ಕೈಬಿಗಿ ಸಾಕು. ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ತಿರುಪು ಬಿರುಕು ಬಿಡುತ್ತದೆ. ನಲ್ಲಿ ತೆರೆದು ಕೂಡಿಸಿದ ಜಾಗವನ್ನು ಒಣ ಕಾಗದದಿಂದ ಒತ್ತಿ ನೋಡಿ. ಕಾಗದ ತೇವವಾದರೆ ನಲ್ಲಿ ನಿಲ್ಲಿಸಿ ಬಿಚ್ಚಿ ವಾಷರ್ ನೇರವಾಗಿ ಕೂತಿದೆಯೇ ನೋಡಿ; ಅದು ಗಟ್ಟಿಯಾಗಿ ಸೀಳಿದ್ದರೆ ಹೊಸದು ಹಾಕಿ.