ಗಟ್ಟಿ ಬಂಡೆಯ ಮೇಲಿನ ಸಡಿಲ ಗೋಡೆ

ತುಮಕೂರು ಜಿಲ್ಲೆಯ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಣ್ತುಂಬ ನೋಡಿದವರಿಗೆ ಈ ಸೀಮೆಯ ನೆಲ ಅಲುಗಾಡೀತು ಎಂದರೆ ನಂಬಿಕೆ ಬರುವುದಿಲ್ಲ. ಸಮುದ್ರಮಟ್ಟದಿಂದ 3,900 ಅಡಿಗೂ ಮಿಗಿಲಾಗಿ ಎದ್ದು ನಿಂತ ಹೆಬ್ಬಂಡೆ, ಅದರ ಮೈಗೆ ಅಂಟಿಕೊಂಡಂತೆ ಏರಿಹೋಗುವ ಕೋಟೆ. ಆದರೂ ಬಯಲುಸೀಮೆಯ ಹಳ್ಳಿಗಳಲ್ಲಿ ಒಮ್ಮೊಮ್ಮೆ ನೆಲದೊಳಗಿಂದ ಗುಡುಗಿದಂಥ ಸದ್ದು ಕೇಳುತ್ತದೆ, ಅಟ್ಟದ ಪಾತ್ರೆ ಉರುಳುತ್ತದೆ. 2021ರ ಡಿಸೆಂಬರ್‌ನಲ್ಲಿ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಕೆಲವು ಹಳ್ಳಿಗಳ ಜನ ಹೀಗೆಯೇ ಹೆದರಿ ಮನೆಯಿಂದ ಹೊರಗೋಡಿ ಬಂದರು. ದಾಖಲಾದ ಕಂಪನಗಳ ತೀವ್ರತೆ 3ರ ಆಸುಪಾಸಿನದು, ಅಷ್ಟೆ. ಅದು ಮನೆ ಬೀಳಿಸುವ ಕಂಪನವಲ್ಲ. ಆದರೆ ಆ ಹೆದರಿಕೆಯ ಹಿಂದಿರುವ ಪ್ರಶ್ನೆಗೆ ಸರಿಯಾದ ಉತ್ತರ ಬೇಕು: ನಮ್ಮ ಕಡೆ ದೊಡ್ಡ ಭೂಕಂಪ ಆದೀತೇ? ಆದರೆ ನಮ್ಮ ಮನೆ ನಿಂತೀತೇ?

ಮೊದಲು ನೆಲದ ವಿಚಾರ. ಪಾವಗಡ, ಮಧುಗಿರಿ, ಕೊರಟಗೆರೆಗಳ ಮೂಲಕ ದಕ್ಷಿಣದ ರಾಮನಗರದವರೆಗೂ ಹರಡಿರುವ ಗ್ರಾನೈಟ್ ಪಟ್ಟಿಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಶಿರಾದ ಪಶ್ಚಿಮಕ್ಕೆ ಹೋದರೆ ಚಿಕ್ಕನಾಯಕನಹಳ್ಳಿ, ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಇನ್ನೊಂದು ಶಿಲಾಪಟ್ಟಿ ಸಿಗುತ್ತದೆ. ಅದರ ಪೂರ್ವದ ಅಂಚಿನುದ್ದಕ್ಕೂ, ಕೋಟ್ಯಂತರ ವರ್ಷಗಳ ಹಿಂದೆ ಎರಡು ಭೂಭಾಗಗಳು ಒಂದನ್ನೊಂದು ಉಜ್ಜಿಕೊಂಡು ಸರಿದ ಗುರುತು ಈಗಲೂ ಇದೆ.

ಇಷ್ಟು ಹಳೆಯ, ಇಷ್ಟು ಗಟ್ಟಿ ನೆಲ ನಡುಗುವುದೇಕೆ? ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ವೇಗದಲ್ಲಿ ಉತ್ತರ–ಈಶಾನ್ಯಕ್ಕೆ ಸರಿಯುತ್ತ ಏಷ್ಯಾದ ಭೂಫಲಕಕ್ಕೆ ಒತ್ತುತ್ತಿದೆ. ಹಿಮಾಲಯ ಎದ್ದಿದ್ದು ಈ ಒತ್ತಡದಿಂದಲೇ. ಒತ್ತಡ ಮಾತ್ರ ಹಿಮಾಲಯದಲ್ಲೇ ಮುಗಿಯುವುದಿಲ್ಲ, ಇಡೀ ಫಲಕದೊಳಗೆ ಹಂಚಿಹೋಗುತ್ತದೆ. ದಖನ್ನಿನ ಹಳೆಯ ಬಿರುಕುಗಳಲ್ಲಿ ಅದು ಬಹಳ ನಿಧಾನವಾಗಿ ಜಮೆಯಾಗಿ, ಎಲ್ಲೋ ಒಂದು ಕಡೆ ಬಂಡೆ ತಡೆಯಲಾರದೆ ಜಾರುತ್ತದೆ. 1843ರ ಏಪ್ರಿಲ್ 1ರಂದು ಬಳ್ಳಾರಿ, 1900ರ ಫೆಬ್ರುವರಿ 8ರಂದು ಕೊಯಮತ್ತೂರು, 1967ರ ಡಿಸೆಂಬರ್‌ನಲ್ಲಿ ಕೊಯ್ನಾ ನಡುಗಿದ್ದು ದಾಖಲೆಯಲ್ಲಿದೆ. ಗಟ್ಟಿ ಬಂಡೆಗೆ ಇನ್ನೊಂದು ಗುಣವೂ ಉಂಟು. ರೈಲು ಹಳಿಗೆ ಕಿವಿಕೊಟ್ಟರೆ ದೂರದ ಗಾಡಿಯ ಸದ್ದು ಕೇಳುವ ಹಾಗೆ, ಅಖಂಡವಾದ ಕಲ್ಲಿನಲ್ಲಿ ಕಂಪನ ಬೇಗ ಕ್ಷೀಣಿಸದೆ ಬಹುದೂರ ಹೋಗುತ್ತದೆ.

ಆ ಗುಣವೇ ನೆರೆಯ ಗೌರಿಬಿದನೂರಿಗೆ ಜಾಗತಿಕ ಮಹತ್ವ ತಂದುಕೊಟ್ಟಿತು. ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ನೆರವಿನಿಂದ 1965ರಲ್ಲಿ ಅಲ್ಲಿ 20 ಕಂಪನಮಾಪಕಗಳನ್ನು ಎರಡು ಉದ್ದ ಸಾಲುಗಳಲ್ಲಿ ನೆಟ್ಟಿತು. ದೂರದ ದೇಶಗಳು ನೆಲದಡಿ ನಡೆಸುವ ಅಣುಸ್ಫೋಟಗಳನ್ನು ಪತ್ತೆಹಚ್ಚುವುದು ಅದರ ಉದ್ದೇಶ. ಅದೇ ಉಪಕರಣಕ್ಕೆ ನಮ್ಮ ಕಾಲಡಿಯ ಕಂಪನವೂ ಕೇಳಿಸುತ್ತದೆ. ಕಂಪನ ಹುಟ್ಟಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮುಂದೆ ಓಡುವ ಪ್ರಾಥಮಿಕ ಅಲೆ ಇಂಥ ಕಲ್ಲಿನಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಹೋದರೆ, ನೆಲವನ್ನು ಅಡ್ಡಡ್ಡಲಾಗಿ ಅಲುಗಿಸುವ ಎರಡನೆಯ ಅಲೆ ಸುಮಾರು ಮೂರೂವರೆ ಕಿ.ಮೀ. ಹೋಗುತ್ತದೆ. ಪಾವಗಡದ ಬಳಿ ನೆಲ ನಡುಗಿತೆನ್ನಿ. ನೇರ ದೂರ ಸುಮಾರು 60 ಕಿ.ಮೀ.; ಮೊದಲ ಅಲೆ ಗೌರಿಬಿದನೂರಿಗೆ 10 ಸೆಕೆಂಡಿನಲ್ಲಿ, ಎರಡನೆಯದು 17 ಸೆಕೆಂಡಿನಲ್ಲಿ ತಲುಪುತ್ತದೆ. ಈ 7 ಸೆಕೆಂಡಿನ ಅಂತರವೇ ದೂರವನ್ನು ಹೇಳಿಬಿಡುತ್ತದೆ. ಕಲ್ಲು ಕ್ವಾರಿಯ ಸಿಡಿತವೋ ನಿಜವಾದ ಭೂಕಂಪವೋ ಎಂಬುದೂ ಅಲೆಗಳ ರೂಪದಿಂದ ತಿಳಿಯುತ್ತದೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಸುತ್ತಲಿನ ಜನ ಭೂಕಂಪವೆಂದೇ ಬಗೆದು ಬೀದಿಗೆ ಬಂದಿದ್ದರು. ಇಷ್ಟೆಲ್ಲ ಇದ್ದರೂ ಮುಂದಿನ ಭೂಕಂಪ ಎಂದು, ಎಲ್ಲಿ ಎಂದು ಮುಂಚಿತವಾಗಿ ಹೇಳುವ ವಿದ್ಯೆ ಜಗತ್ತಿನಲ್ಲಿ ಎಲ್ಲೂ ಇಲ್ಲ.

ಹೇಳಲಾಗುವುದು ಸಾಧ್ಯತೆ ಎಷ್ಟು ಎಂಬುದನ್ನು ಮಾತ್ರ. 2002ರಲ್ಲಿ ಪರಿಷ್ಕರಿಸಿದ ಭೂಕಂಪ ವಲಯ ನಕ್ಷೆ ದೇಶವನ್ನು 2ರಿಂದ 5ರವರೆಗಿನ ನಾಲ್ಕು ವಲಯಗಳಾಗಿ ಹಂಚಿತು. ತುಮಕೂರು ಜಿಲ್ಲೆ ಅದರಲ್ಲಿ ಅತಿ ಕಡಿಮೆ ಅಪಾಯದ 2ನೇ ವಲಯಕ್ಕೆ ಸೇರಿತು. ಸಮಾಧಾನದ ಮಾತೇ. ಆದರೆ ಕಿಲ್ಲಾರಿಯ ಕತೆಯನ್ನೂ ಜೊತೆಗಿಟ್ಟು ಓದಬೇಕು. ನಮ್ಮ ಬೀದರ್, ಕಲಬುರಗಿಗಳಿಗೆ ಹತ್ತಿರವಿರುವ ಲಾತೂರು ಜಿಲ್ಲೆಯ ಆ ಊರು ಆಗಿನ ನಕ್ಷೆಯಲ್ಲಿ ಅತ್ಯಂತ ಸುರಕ್ಷಿತವೆನಿಸಿದ 1ನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿಗೆ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, 6.2 ತೀವ್ರತೆಯ ಭೂಕಂಪ ಅಪ್ಪಳಿಸಿತು. ಸತ್ತವರು ಹತ್ತು ಸಾವಿರದ ಹತ್ತಿರ. ಅದೇ ತೀವ್ರತೆಯ ಕಂಪನ ಬೇರೆ ದೇಶಗಳಲ್ಲಿ ಹೆಚ್ಚು ಸಾವಿಲ್ಲದೆ ಮುಗಿದದ್ದುಂಟು. ಕಿಲ್ಲಾರಿಯಲ್ಲಿ ಜನರ ಮೇಲೆ ಬಿದ್ದದ್ದು ಅವರದೇ ಮನೆಗಳ ಕಲ್ಲುಮಣ್ಣಿನ ದಪ್ಪ ಗೋಡೆ, ಮರದ ತೊಲೆಗಳ ಮೇಲೆ ಹೇರಿದ್ದ ಮಣ್ಣಿನ ಮಾಳಿಗೆ.

ಆ ಮನೆಯ ಚಿತ್ರ ನಮಗೆ ಅಪರಿಚಿತವಲ್ಲ. ಪಾವಗಡ, ಮಧುಗಿರಿಯ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ಗೋಡೆಯ ಮಾಳಿಗೆ ಮನೆಗಳೂ ಕಲ್ಲುಚಪ್ಪಡಿ ಹೊದಿಸಿದ ಮನೆಗಳೂ ಇವೆ. ಅಂಥದೊಂದು ಹಳೆಯ ಗೋಡೆ ಅರ್ಧ ಬಿದ್ದಿರುವ ಕಡೆ ನಿಂತು ನೋಡಿ. ಹೊರಮುಖಕ್ಕೊಂದು ಕಲ್ಲಿನ ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಚೂರುಕಲ್ಲು, ಮಣ್ಣು. ಎರಡು ಮುಖಗಳನ್ನು ಹಿಡಿದಿಡುವ ಕಲ್ಲು ಅಪರೂಪ. ಸರಿಯಾದ ಅಲುಗಾಟ ಬಂದರೆ ಒಂದು ಮುಖ ಬೀದಿಗೆ, ಒಂದು ಮುಖ ಮನೆಯೊಳಕ್ಕೆ ಬಿರಿದುಕೊಳ್ಳುತ್ತದೆ. ಮೇಲಿನ ಚಪ್ಪಡಿ ತನ್ನ ಭಾರದಿಂದ ಮಾತ್ರ ಗೋಡೆಯ ಮೇಲೆ ಕೂತಿರುತ್ತದೆ. ಎಂಟು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಇಂಚು ದಪ್ಪದ ಒಂದೇ ಚಪ್ಪಡಿಯ ತೂಕ ಸುಮಾರು 300 ಕೆ.ಜಿ.

ಅಪಾಯವನ್ನು ದಿನವೂ ಕಂಡವರು ಮನೆ ಕಟ್ಟುವುದೇ ಬೇರೆ ರೀತಿ. 1897ರ ಮಹಾಭೂಕಂಪದ ನಂತರ ಅಸ್ಸಾಮಿನಲ್ಲಿ ಮರದ ಚೌಕಟ್ಟು, ಜೊಂಡಿನ ಗೋಡೆ, ಹಗುರ ತಗಡಿನ ಮಾಡಿನ ಮನೆಗಳು ಹಬ್ಬಿದವು. ಹಿಮಾಚಲದ ಮಲೆಗಳಲ್ಲಿ ಒಂದು ವರಸೆ ಕಲ್ಲಾದರೆ ಮೇಲೊಂದು ವರಸೆ ಮರದ ದಿಮ್ಮಿ ಇಟ್ಟು ಗೋಡೆ ಏರಿಸುತ್ತಾರೆ. 1923ರ ಭೂಕಂಪ ದುರಂತದ ನೆನಪಿಗೆ ಜಪಾನ್ ಪ್ರತಿವರ್ಷ ಸೆಪ್ಟೆಂಬರ್ 1ರಂದು ದೇಶವಿಡೀ ತಾಲೀಮು ನಡೆಸುತ್ತದೆ. ನಮ್ಮಲ್ಲಿ ಎರಡು ದೊಡ್ಡ ಕಂಪನಗಳ ನಡುವಿನ ಕಾಲ ಎಷ್ಟೋ ತಲೆಮಾರುಗಳಷ್ಟು ಉದ್ದ. ಹಾಗಾಗಿ ಅಜ್ಜ ಮೊಮ್ಮಗನಿಗೆ ಬರಗಾಲದ ಪಾಠ ಹೇಳಿಕೊಟ್ಟ, ಭೂಕಂಪದ್ದನ್ನು ಹೇಳಿಕೊಡಲು ಅವನಿಗೇ ಗೊತ್ತಿರಲಿಲ್ಲ. ನೆನಪು ಕೊಡಲಾಗದ ಆ ಪಾಠವನ್ನು ವಿಜ್ಞಾನ ಕೊಡಬೇಕು.

ಪಾಠ ದುಬಾರಿಯದೇನಲ್ಲ. ಕಲ್ಲಿನ ಗೋಡೆ ಕಟ್ಟುವಾಗ ಎತ್ತರಕ್ಕೆ ಎರಡು ಅಡಿಗೊಂದು, ಅಡ್ಡಕ್ಕೆ ನಾಲ್ಕು ಅಡಿಗೊಂದು ಕಲ್ಲು ಗೋಡೆಯ ಈ ಮುಖದಿಂದ ಆ ಮುಖಕ್ಕೆ ಹಾಯುವಂತಿರಲಿ. ಮೂಲೆಗಳಲ್ಲಿ ಉದ್ದ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಳ್ಳಲಿ. ಬಾಗಿಲು, ಕಿಟಕಿಗಳ ಮೇಲಷ್ಟೇ ತುಂಡು ಲಿಂಟಲ್ ಹಾಕುವ ಬದಲು ಅದೇ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವ ಕಾಂಕ್ರೀಟ್ ಪಟ್ಟಿ ಬರಲಿ. ಸಣ್ಣ ಮನೆಗೆ ಮೂರು ಇಂಚು ದಪ್ಪ, ಎರಡು ಕಂಬಿಯ ಪಟ್ಟಿ ಸಾಕು. ಹಳೆಯ ಗೋಡೆಯಲ್ಲೂ ಅಲ್ಲಲ್ಲಿ ಒಂದು ಕಲ್ಲು ತೆಗೆದು, ಆ ಕಿಂಡಿಗೆ ಕೊಕ್ಕೆಯಂತೆ ಬಗ್ಗಿಸಿದ ಕಂಬಿ ಇಟ್ಟು ಕಾಂಕ್ರೀಟ್ ತುಂಬಿದರೆ ಎರಡೂ ಮುಖ ಕೂಡಿಕೊಳ್ಳುತ್ತವೆ. ಬಂಡೆಯ ಮೇಲಿನ ಮನೆಗಿಂತ ಕೆರೆಯಂಗಳದ ಮೆತ್ತನೆಯ ಮಣ್ಣಿನ ಮೇಲಿನ ಮನೆ ಹೆಚ್ಚು ಅಲುಗುತ್ತದೆ ಎಂಬುದೂ ನಿವೇಶನ ಹುಡುಕುವಾಗ ತಲೆಯಲ್ಲಿರಲಿ.

ಸರ್ಕಾರದ ವಸತಿ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಚಾವಣಿ ಎಂದು ಹಂತಹಂತವಾಗಿ ಫೋಟೊ ತೆಗೆದ ಮೇಲೆಯೇ ಹಣ ಬಿಡುಗಡೆಯಾಗುತ್ತದೆ. ಲಿಂಟಲ್ ಹಂತದ ಫೋಟೊದಲ್ಲಿ ಪಟ್ಟಿ ಮನೆಯ ಸುತ್ತ ಪೂರ್ತಿ ಬಂದಿದೆಯೇ ಎಂದು ಪಂಚಾಯಿತಿಯ ಎಂಜಿನಿಯರ್ ನೋಡಿದರೆ, ಬಂದಿಲ್ಲವಾದರೆ ಮನೆಯವರೇ ಮೇಸ್ತ್ರಿಯನ್ನು ತಡೆದು ಕೇಳಿದರೆ, ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ಈ ನಾಲ್ಕೂ ತಾಲ್ಲೂಕುಗಳ ಹೊಸ ಮನೆಗಳು ಬಹುಮಟ್ಟಿಗೆ ಭದ್ರವಾಗುತ್ತವೆ. ಕಂಪನ ಬರುವ ದಿನ ನಮ್ಮ ಕೈಯಲ್ಲಿಲ್ಲ, ಆ ಎರಡು ಕಂಬಿ ನಮ್ಮ ಕೈಯಲ್ಲಿವೆ.