ಗುಡ್ಡ ಕಾಯ್ದರೆ ಹೊಲಕ್ಕೇನು ಬಂತು? ಚಿಂಚೋಳಿ ಕಾಡಿನ ಲೆಕ್ಕ

ನಮ್ಮ ನೆಲೋಗಿ ಸುತ್ತ ಕಣ್ಣು ಹಾಯ್ದಷ್ಟೂ ಎರಿ ಹೊಲ. ತೊಗರಿ, ಜೋಳ, ಹತ್ತಿ. ಗುಡ್ಡ ಅಂಬೋದು ನಮ್ಮ ಮಕ್ಕಳಿಗೆ ಸಾಲಿ ಪುಸ್ತಕದಾಗಿನ ಚಿತ್ರ. ಹೊರಗಿನವರಂತೂ ಕಲಬುರಗಿ ಜಿಲ್ಲೆ ಅಂದಕೂಡಲೆ ಬಿಸಿಲು, ಕಲ್ಲು, ಧೂಳು ಅಂತಲೇ ತಿಳಿಯುತ್ತಾರೆ. ಆದರೆ ಇದೇ ಜಿಲ್ಲೆಯ ಈಶಾನ್ಯ ಮೂಲೆಗೆ, ತೆಲಂಗಾಣದ ಗಡಿಗೆ ಹತ್ತಿ, ಗುಡ್ಡ, ಕಣಿವೆ, ಕೆರೆ, ಜಲಪಾತ ಎಲ್ಲಾ ಇರುವ ಒಂದು ಕಾಡಿದೆ. ಅದು ಚಿಂಚೋಳಿ ವನ್ಯಜೀವಿಧಾಮ. ಸರ್ಕಾರ 2011ರಲ್ಲಿ ಇದನ್ನು ವನ್ಯಜೀವಿಧಾಮ ಎಂದು ಘೋಷಿಸಿತು. ವಿಸ್ತೀರ್ಣ 134.88 ಚದರ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳಬೇಕಂದರೆ ಸುಮಾರು 33,300 ಎಕರೆ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಇದೇ ಎಂದು ಹೇಳುತ್ತಾರೆ.

"ಅದು ನಮಗ್ಯಾಕ? ಹುಲಿ ಇಲ್ಲ, ಆನಿ ಇಲ್ಲ. ನೋಡಾಕ ಚಂದ ಅದ ಅಂತ ಅಷ್ಟು ನೆಲ ಖಾಲಿ ಬಿಡಬೇಕೇನು?" ಎಂದು ಕೇಳುವ ರೈತರು ನಮ್ಮಲ್ಲಿ ಬಹಳ. ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಒಬ್ಬ ಒಕ್ಕಲಿಗನ ಕಣ್ಣಿನಿಂದ ಉತ್ತರ ಬರೆಯುತ್ತಿದ್ದೇನೆ.

ಅಲ್ಲಿ ಏನೇನಿದೆ

ಚಿಂಚೋಳಿ ದಾಟಿ ಕೊಂಚಾವರಂ ಕಡೆ ಹೋಗುವಾಗ ನೆಲದ ಬಣ್ಣ ಬದಲಾಗುತ್ತದೆ. ಕೆಳಗೆ ಎರಿ, ಮೇಲೆ ಕೆಂಪು. ಗುಡ್ಡದ ಮೇಲಿನದು ಜಂಬಿಟ್ಟಿಗೆ ನೆಲ. ಮಳೆಗಾಲ ಮುಗಿಯುವ ಹೊತ್ತಿಗೆ ಗುಡ್ಡವೆಲ್ಲಾ ಹಸಿರು, ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳು. ಇದು ಮಲೆನಾಡಿನ ಕಾಡಲ್ಲ, ಎಲೆ ಉದುರುವ ಒಣ ಕಾಡು. ಒಳಭಾಗದ ಕಣಿವೆಗಳಲ್ಲಿ ಮಾತ್ರ ಸ್ವಲ್ಪ ತಂಪು ಕಾಡು. ಶ್ರೀಗಂಧ, ರಕ್ತಚಂದನದಂಥ ಬೆಲೆಯುಳ್ಳ ಮರಗಳಿವೆ. ಔಷಧಿ ಗಿಡಗಳು ಸಾಕಷ್ಟಿವೆ. ಅಂಚಿನಲ್ಲಿ ಸಾಗವಾನಿ ಮತ್ತು ಜಾಲಿಯ ನೆಡುತೋಪುಗಳಿವೆ.

ಪ್ರಾಣಿಗಳ ಪೈಕಿ ಕೃಷ್ಣಮೃಗ, ಕೊಂಡುಕುರಿ, ತೋಳ, ಕತ್ತೆಕಿರುಬ, ನರಿ. ಇವೆಲ್ಲಾ ಬಯಲುಸೀಮೆಯ ಪ್ರಾಣಿಗಳು. ನಮ್ಮ ಅಜ್ಜಂದಿರು ಕುರಿ ಹಟ್ಟಿಗೆ ತೋಳ ಬಂದ ಕಥಿ ಹೇಳುತ್ತಿದ್ದರು. ಈಗ ಆ ತೋಳಕ್ಕೆ ಉಳಿದ ಜಾಗ ಇಂಥ ಕಡೆ ಮಾತ್ರ.

ಕಾಡಿನೊಳಗೆ ನಾಲ್ಕು ಸಣ್ಣ ಅಣೆಕಟ್ಟುಗಳಿವೆ. ಅವುಗಳಲ್ಲಿ ಚಂದ್ರಂಪಳ್ಳಿ ದೊಡ್ಡದು, ಕಾಡಿನ ನಡುವೆಯೇ ಇದೆ. ಸುತ್ತ ಗುಡ್ಡ, ನಡುವೆ ನೀರು. ನೋಡಲು ಬರುವವರು ಹೆಚ್ಚಾಗಿ ಇಲ್ಲಿಗೆ, ಗೊಟ್ಟಂಗೊಟ್ಟಕ್ಕೆ ಮತ್ತು ಎತ್ತಿಪೋತ ಜಲಪಾತಕ್ಕೆ ಹೋಗುತ್ತಾರೆ.

ನೀರಿನ ಲೆಕ್ಕ

ಈಗ ಅಸಲು ಮಾತಿಗೆ ಬರೋಣ. ಒಂದು ಎಕರೆ ಮೇಲೆ ಒಂದು ಇಂಚು, ಅಂದರೆ 25 ಮಿಲಿಮೀಟರ್ ಮಳೆಯಾದರೆ ಬೀಳುವ ನೀರು ಸುಮಾರು 1 ಲಕ್ಷ ಲೀಟರ್. 10 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತು ಟ್ಯಾಂಕರ್. ಅದೇ ಒಂದು ಇಂಚು ಮಳೆ ಇಡೀ ಚಿಂಚೋಳಿ ವನ್ಯಜೀವಿಧಾಮದ ಮೇಲೆ ಬಿದ್ದರೆ 337 ಕೋಟಿ ಲೀಟರ್. ಒಂದೇ ಮಳೆಗೆ ಇಷ್ಟು! ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವ ತಾಲೂಕು ಕೂಡ ಚಿಂಚೋಳಿಯೇ.

ಇಷ್ಟು ನೀರು ಗುಡ್ಡದಿಂದ ಇಳಿಯುವುದು ಹೇಗೆ ಎಂಬುದರ ಮೇಲೆ ಕೆಳಗಿನ ಹೊಲಗಳ ಹಣೆಬರಹ ನಿಂತಿದೆ. ಬೋಳು ಗುಡ್ಡವಾದರೆ ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯುತ್ತದೆ. ಮಣ್ಣು ಬಿಡಿಸಿಕೊಂಡು ನೀರಿನ ಜೊತೆ ಓಡುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಹಳ್ಳ ತುಂಬಿ ಹರಿದು, ಮಾರನೆ ದಿನ ಒಣಗುತ್ತದೆ. ಹೋದ ಮಣ್ಣು ಕೆರೆಯಲ್ಲಿ ಕೂರುತ್ತದೆ. ಕೆರೆಯಲ್ಲಿ ಹೂಳು ಎಷ್ಟು ಎತ್ತರ ಬಂತೋ ಅಷ್ಟು ನೀರು ಕಡಿಮೆ.

ಗುಡ್ಡದ ಮೇಲೆ ಗಿಡ ಇದ್ದರೆ ಕೆಲಸ ಬೇರೆ. ಎಲೆ ಮಳೆಯ ಪೆಟ್ಟು ತಡೆಯುತ್ತದೆ. ಬೇಸಿಗೆಯಲ್ಲಿ ಉದುರಿದ ತರಗು ನೆಲದ ಮೇಲೆ ಕಂಬಳಿ ಹಾಸಿದಂತೆ ಇರ್ತದ, ನೀರನ್ನು ನಿಲ್ಲಿಸಿ ನಿಧಾನ ಬಿಡ್ತದ. ಬೇರು, ಗೆದ್ದಲು, ಇರುವೆ ಮಾಡಿದ ತೂತುಗಳಲ್ಲಿ ನೀರು ಒಳಗೆ ಇಳಿಯುತ್ತದೆ.

ಜಂಬಿಟ್ಟಿಗೆ ನೆಲದ ಗುಣವನ್ನೂ ಇಲ್ಲಿ ತಿಳಿಯಬೇಕು. ಅದು ತೂತು ತೂತಾದ ಕಲ್ಲು, ನೀರು ಕುಡಿಯುತ್ತದೆ. ಅದರ ಕೆಳಗೆ ಕರಿಕಲ್ಲಿನ ಪದರ ಇದ್ದಲ್ಲಿ ನೀರು ಸುಲಭವಾಗಿ ಇಳಿಯದೆ ಅದರ ಮೇಲೆಯೇ ಪಕ್ಕಕ್ಕೆ ಸರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಬೀದರಿನ ಬಹಮನಿ ಸುಲ್ತಾನರ ಕಾಲದವರು 15ನೇ ಶತಮಾನದಲ್ಲೇ ಈ ಗುಟ್ಟು ತಿಳಿದಿದ್ದರು. ಅಲ್ಲಿ ತೋಡಿಸಿದ ಸುರಂಗ ಬಾವಿ, ಅಂದರೆ ಕರೇಜ್, ಜಂಬಿಟ್ಟಿಗೆಯಲ್ಲಿ ಇಳಿದ ನೀರನ್ನೇ ಹಿಡಿದು ಊರಿಗೆ ತಂದದ್ದು. ನಮ್ಮ ಎರಿ ಮಣ್ಣು ಹಾಗಲ್ಲ. ಮೊದಲ ಮಳೆಗೆ ಬಿರುಕಿನಲ್ಲಿ ಗಟಗಟ ಕುಡಿಯುತ್ತದೆ. ಬಿರುಕು ಮುಚ್ಚಿಕೊಂಡ ಮೇಲೆ ಬಾಯಿ ಬಿಡುವುದಿಲ್ಲ, ನೀರೆಲ್ಲಾ ಮೇಲೆ ಹರಿದು ಹೋಗುತ್ತದೆ.

ಒಂದು ಭಾದ್ರಪದದಲ್ಲಿ ಊರಿನ ಇಬ್ಬರ ಜೊತೆ ನಾನು ಅಲ್ಲಿಗೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಕಾಡಿನ ಒಳಗಿಂದ ಬರುವ ಒಂದು ಸಣ್ಣ ಹಳ್ಳದಲ್ಲಿ ಇಳಿದು ಕಾಲು ತೊಳೆದೆವು, ತಳದ ಹರಳು ಕಾಣುತ್ತಿದ್ದವು. ಅಲ್ಲಿಂದ ಸ್ವಲ್ಪ ದೂರ ಬಂದರೆ ಉತ್ತ ಇಳಿಜಾರು ಹೊಲದಿಂದ ಬರುವ ಇನ್ನೊಂದು ಹಳ್ಳ, ಚಹಾದ ಬಣ್ಣ. ಮಳೆ ಒಂದೇ, ರಾತ್ರಿ ಒಂದೇ. ಮೇಲೆ ಏನಿದೆ ಎಂಬುದರಲ್ಲಿ ಮಾತ್ರ ಫರಕು.

ನೀವೂ ಇದನ್ನು ನಿಮ್ಮೂರಲ್ಲಿ ಮಾಡಿ ನೋಡಬಹುದು. ಜೋರು ಮಳೆಯಾದ ದಿನ ಹಳ್ಳದ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ತುಂಬಿ ರಾತ್ರಿ ಇಡಿ. ಬೆಳಿಗ್ಗೆ ತಳದಲ್ಲಿ ಎಷ್ಟು ಬೆರಳು ಮಣ್ಣು ಕೂತಿದೆ ನೋಡಿ. ಅದು ಯಾರದೋ ಹೊಲದ ಮೇಲ್ಮಣ್ಣು. ನಿಮ್ಮದೂ ಇರಬಹುದು.

ನೀರು ಎಲ್ಲಿಗೆ ಹೋಗುತ್ತದೆ

ಈ ಗುಡ್ಡಗಳ ನೀರು ಮುಲ್ಲಾಮಾರಿಗೆ, ಮುಲ್ಲಾಮಾರಿ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ಕಾಗಿಣಾ ಭೀಮೆಗೆ ಸೇರುವುದು ನಮ್ಮ ನೆಲೋಗಿಗಿಂತ ಕೆಳಗೆ. ಹಾಗಾಗಿ ಚಿಂಚೋಳಿಯ ಒಂದು ಹನಿಯೂ ನಮ್ಮ ಹೊಲಕ್ಕೆ ಬರುವುದಿಲ್ಲ. ಆದರೂ ಚಿಂಚೋಳಿ, ಸೇಡಂ, ಚಿತ್ತಾಪುರ ಕಡೆಯ ರೈತನ ಬಾವಿಗೆ, ಕಾಲುವೆಗೆ ಆ ಗುಡ್ಡದ ಪಾಲಿದೆ. ನಮ್ಮ ಪಾಲಿಗೆ ಇರುವುದು ಅಲ್ಲಿಂದ ಕಲಿಯುವ ಪಾಠ. ಅದನ್ನು ಕೊನೆಗೆ ಹೇಳುತ್ತೇನೆ.

ವನ್ಯಜೀವಿಧಾಮ ಅಂದರೆ ಬೀಗ ಹಾಕಿದಂತೆಯೇ?

ಕಾಡು ಪಕ್ಕದ ರೈತರಲ್ಲಿ ಹೆಚ್ಚಿನ ಹೆದರಿಕೆ ಇರುವುದು ಈ ವಿಷಯದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಾಷ್ಟ್ರೀಯ ಉದ್ಯಾನ ಬೇರೆ, ವನ್ಯಜೀವಿಧಾಮ ಬೇರೆ. ಇವೆರಡರ ಫರಕು ತಿಳಿದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸಲು ಅವಕಾಶವಿಲ್ಲ. ವನ್ಯಜೀವಿಧಾಮದಲ್ಲಿ ಮೇವಿನ ವಿಷಯ ಮುಖ್ಯ ವನ್ಯಜೀವಿ ಪಾಲಕರ ಕೈಯಲ್ಲಿದೆ. ಅವರು ಮೇಯಿಸುವುದಕ್ಕೆ ಕಟ್ಟಳೆ ಮಾಡಬಹುದು, ಬೇಕಾದರೆ ನಿಲ್ಲಿಸಲೂಬಹುದು. ವನ್ಯಜೀವಿಧಾಮದ ಗಡಿಯೊಳಗೆ ಸ್ವಂತ ಜಮೀನು ಇದ್ದವರಿಗೆ ಒಳಗೆ ಹೋಗಿಬರುವ ಹಕ್ಕಿದೆ. ಮೊದಲಿನಿಂದ ಬಂದ ಹಕ್ಕನ್ನು ಮುಂದುವರಿಸಲು ಜಿಲ್ಲಾಧಿಕಾರಿ ಒಪ್ಪಿಗೆ ಕೊಡಲು ಕಾಯ್ದೆಯಲ್ಲಿ ದಾರಿಯಿದೆ. ಇಲಾಖೆ ಅನುಮತಿಯ ಮೇಲೆ ತೆಗೆದ ಕಾಡುತ್ಪನ್ನವನ್ನು ಸುತ್ತಲಿನವರ ಮನೆ ಖರ್ಚಿಗೆ ಕೊಡಬಹುದು, ಮಾರಾಟಕ್ಕೆ ಇಲ್ಲ. ಬೆಂಕಿ ಹಚ್ಚುವುದು, ಬೇಟೆಯಾಡುವುದು, ಅನುಮತಿ ಇಲ್ಲದೆ ಹತಾರು ಒಯ್ಯುವುದು ಅಪರಾಧ.

ಇನ್ನೊಂದು ಉಪಯೋಗದ ಮಾತು. ವನ್ಯಜೀವಿಧಾಮದ ಒಳಗೆ ಮತ್ತು ಅದರ 5 ಕಿಲೋಮೀಟರ್ ಸುತ್ತಲಿನ ದನಕರುಗಳಿಗೆ ಅಂಟುರೋಗದ ಲಸಿಕೆ ಹಾಕಿಸುವ ಕ್ರಮ ಕೈಗೊಳ್ಳಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ದನದ ರೋಗ ಜಿಂಕೆಗೆ ಹತ್ತಬಾರದೆಂದು ಈ ಏರ್ಪಾಟು. ಲಾಭ ನಮಗೂ ಇದೆ. ಆ ಭಾಗದ ಹಳ್ಳಿಯವರು ಇದನ್ನು ಗ್ರಾಮಸಭೆಯಲ್ಲಿ ಕೇಳಿ ಮಾಡಿಸಿಕೊಳ್ಳಬೇಕು.

ತಾಂಡಾದವರ ಪ್ರಶ್ನೆ

ಗುಡ್ಡದ ಚೆಲುವು ಹೇಳಿ ಅಲ್ಲಿನ ಮಂದಿಯನ್ನು ಬಿಟ್ಟರೆ ಅರ್ಧ ಹೇಳಿದಂತೆ. ಕೊಂಚಾವರಂ ಸೀಮೆ ತುಂಬ ಲಂಬಾಣಿ ತಾಂಡಾಗಳಿವೆ. ಸಣ್ಣ ಸಣ್ಣ ಹಿಡುವಳಿ, ಮಳೆ ನಂಬಿದ ಬೇಸಾಯ. ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವವರು ಬಹಳ.

ಕಾಡಿನಲ್ಲಿ ಉಳುಮೆ ಮಾಡಿಕೊಂಡು ಬಂದವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ವನ್ಯಜೀವಿಧಾಮದ ಒಳಗೂ ಅದು ಅನ್ವಯಿಸುತ್ತದೆ. ಆದರೆ ಅದರಲ್ಲಿ ಒಂದು ಗಂಟು ಇದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಭೂಮಿ ಸ್ವಾಧೀನದಲ್ಲಿತ್ತೆಂದು ತೋರಿಸಿದರೆ ಸಾಕು. ಉಳಿದವರು ಆ ತಾರೀಖಿಗೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡು ನೆಚ್ಚಿ ಅಲ್ಲೇ ನೆಲೆಸಿದ್ದೆವೆಂದು ತೋರಿಸಬೇಕು. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಾತು ಒಂದೇ, ಬೀಗತನ ಒಂದೇ. ನಡುವೆ ರಾಜ್ಯದ ಗಡಿ ಒಂದು ಗೆರೆ. ಆಚೆ ಇದ್ದವನಿಗೆ ಒಂದು ಪುರಾವೆ, ಈಚೆ ಇದ್ದವನಿಗೆ 1930ರ ಪುರಾವೆ! ಅದು ನಿಜಾಮರ ಕಾಲ, ದಫ್ತರವೆಲ್ಲಾ ಉರ್ದು. ತಾಂಡಾದ ಬಡವ ಎಲ್ಲಿಂದ ತಂದಾನು?

ಆದರೆ ಕಾಗದವೊಂದೇ ಪುರಾವೆಯಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕಾಯ್ದೆಯ ನಿಯಮಗಳಲ್ಲಿ ಹಳೆ ಮನೆ, ಬಾವಿ, ಒಡ್ಡು, ಗೋರಿ, ದೇವರ ಸ್ಥಾನದಂಥ ಕಣ್ಣಿಗೆ ಕಾಣುವ ಗುರುತುಗಳಿಗೂ, ಅರ್ಜಿದಾರನಲ್ಲದ ಹಿರಿಯರು ಹೇಳಿ ಬರೆಸಿದ ಮಾತಿಗೂ ಬೆಲೆಯಿದೆ. ಒಂದಕ್ಕಿಂತ ಹೆಚ್ಚು ಪುರಾವೆ ಇರಬೇಕು ಅಷ್ಟೆ. ಅರ್ಜಿ ಗ್ರಾಮಸಭೆಯಿಂದಲೇ ಶುರುವಾಗುತ್ತದೆ. ಹಿರಿಯರು ಬದುಕಿರುವಾಗಲೇ ಅವರ ಹೇಳಿಕೆ ಬರೆಸಿಡುವುದು ಜಾಣತನ.

ಕಾಡು ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೆಳಗಿನ ಸಾವಿರಾರು ಹೊಲಗಳಿಗೆ ನೀರು ಕೊಡಲು ಮೇಲಿನವನು ಕೊಡಲಿ ಕೆಳಗಿಡಬೇಕಾದರೆ, ಅವನ ಒಲೆಗೆ, ದನದ ಮೇವಿಗೆ, ಕೂಲಿಗೆ ದಾರಿ ಮಾಡುವುದು ಕೆಳಗಿನವರ ಋಣ. ನಮ್ಮಲ್ಲಿ ಒಲೆಗೆ ತೊಗರಿ ಕಟ್ಟಿಗೆ ಇದೆ, ಜೋಳದ ಕಣಿಕೆ ದನಕ್ಕಿದೆ. ಹಾಗಾಗಿ ಕಾಡು ಉಳಿಸಿ ಎಂದು ಹೇಳುವುದು ನಮಗೆ ಸುಲಭ. ಇದನ್ನು ಮರೆಯಬಾರದು. ಕಾಡು ಕಾಯುವ ಕೂಲಿ, ಬೆಂಕಿರೇಖೆ ಕಡಿಯುವ ಕೆಲಸ, ನೋಡಲು ಬರುವವರಿಗೆ ದಾರಿ ತೋರಿಸುವ ಕೆಲಸ ಮೊದಲು ತಾಂಡಾದ ಹುಡುಗರಿಗೇ ಸಿಗಬೇಕೆಂದು ನನ್ನ ಅಭಿಪ್ರಾಯ.

ಬಯಲಿನ ರೈತ ಏನು ಮಾಡಬಹುದು

ಗುಡ್ಡವಿಲ್ಲದ ನಮ್ಮೂರಿಗೆ ಆ ಗುಡ್ಡ ಕಲಿಸುವುದು ಮೂರು ಮಾತು: ಮಳೆಯ ಪೆಟ್ಟು ತಡಿ, ಹರಿಯುವ ನೀರಿನ ಕಾಲು ಕಟ್ಟು, ತರಗು ಸುಡಬೇಡ.

ಪೆಟ್ಟು ತಡೆಯಲು ಮುಂಗಾರಿನಲ್ಲಿ ನೆಲ ಬರಿದು ಬಿಡಬಾರದು. ತೊಗರಿ ಸಾಲಿನ ನಡುವೆ ಹೆಸರು ಹಾಕಿದರೆ ತೊಗರಿ ಏಳುವವರೆಗೆ ಹೆಸರು ನೆಲ ಮುಚ್ಚುತ್ತದೆ, ಕಾಳೂ ಸಿಗುತ್ತದೆ. ಬಿಳಿಜೋಳಕ್ಕೆ ಬಿಡುವ ಹೊಲದಲ್ಲಿ ಮುಂಗಾರಿನಲ್ಲೇ ಚೌಕು ಮಡಿ ಮಾಡಿಕೊಂಡರೆ ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ. ಒಡ್ಡಿನ ಮೇಲೆ ಲಾವಂಚವೋ ಗೊಬ್ಬರದ ಗಿಡವೋ ಹಚ್ಚಿ. ನೀರು ಹೊರಬೀಳುವ ಕಡೆ ಕಲ್ಲು ಕೂಡಿಸಿ, ನೀರು ಹೋಗಲಿ, ಮಣ್ಣು ನಿಲ್ಲಲಿ. ಹೊಲದ ಬದುವಿನ ಬೇವು, ಬನ್ನಿ, ಜಾಲಿ ಕಡಿಯಬೇಡಿ. ತೊಗರಿ ಉದುರಿಸಿದ ಎಲೆ ಬೆಂಕಿಗೆ ಹೋಗಬಾರದು, ಅದು ನಮ್ಮ ಹೊಲದ ತರಗಿನ ಕಂಬಳಿ.

ಊರಿನ ಗಾಯರಾಣ ಎಷ್ಟೇ ಸಣ್ಣದಿರಲಿ, ಅದನ್ನು ಊರಿನ ಗುಡ್ಡ ಎಂದೇ ತಿಳಿಯಿರಿ. ಅದರ ಒಂದು ಭಾಗವನ್ನು ಎರಡು ಮಳೆಗಾಲ ಮೇಯಿಸದೆ ಬಿಟ್ಟು, ಹುಲ್ಲು ಬಂದ ಮೇಲೆ ಕೊಯ್ದು ಹಂಚಿಕೊಂಡು, ಆಮೇಲೆ ಇನ್ನೊಂದು ಭಾಗ ಬಿಡಬಹುದು. ಇದಕ್ಕೆ ಊರಿನ ಹಿರಿಯರು ಕೂತು ಆಡುವ ಒಂದು ಮಾತು ಸಾಕು.

ಚಿಂಚೋಳಿಗೆ ಹೋಗುವುದಾದರೆ ಮಳೆ ಹಿಂದೆಗೆಯುವ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಕಾಡೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಪ್ಲಾಸ್ಟಿಕ್ ಬಿಟ್ಟು ಬರಬೇಡಿ, ಒಲೆ ಹೂಡಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಎರಡು ಬಗೆಯ ಹಳ್ಳದ ನೀರು ಎರಡು ಬಾಟಲಿಯಲ್ಲಿ ಹಿಡಿದು ಅವರ ಕೈಗೆ ಕೊಡಿ. ಮುಂದಿನ ಮಾತು ಆ ಬಾಟಲಿಗಳೇ ಹೇಳುತ್ತವೆ.