ಹಾಲಿನ ಕ್ಯಾನಿಗೂ ಸಂತೆಗೂ ಎಂಥ ಮೋಟಾರ್ ಸೈಕಲ್ಲು?



ಎತ್ತು ಕೊಳ್ಳಲು ಜಾತ್ರೆಗೆ ಹೋದಾಗ ನೀವು ಏನು ಮಾಡುತ್ತೀರಿ? ಹಲ್ಲು ಎಣಿಸುತ್ತೀರಿ, ಗೊರಸು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಆಮೇಲೆ ಟವಲಿನ ಕೆಳಗೆ ಕೈಕೊಟ್ಟು ಬೆಲೆಯ ಮಾತು. ಅದೇ ರೈತ ಪಟ್ಟಣಕ್ಕೆ ಹೋಗಿ ಮೋಟಾರ್ ಸೈಕಲ್ಲು ಕೊಳ್ಳುವಾಗ ಬಣ್ಣ ನೋಡುತ್ತಾನೆ, "ಮೈಲೇಜು ಎಷ್ಟು ಕೊಡ್ತದೆ ಸ್ವಾಮಿ?" ಅಂತ ಒಂದು ಮಾತು ಕೇಳುತ್ತಾನೆ, ಮೂರು ವರ್ಷದ ಸಾಲದ ಕಾಗದಕ್ಕೆ ಸಹಿ ಹಾಕಿ ಬರುತ್ತಾನೆ. ಎತ್ತಿಗಿಂತ ಹೆಚ್ಚು ವರ್ಷ ಮನೆಯಲ್ಲಿ ಇರಬಹುದಾದ ಗಾಡಿ ಇದು. ಇದರ ಹಲ್ಲು ಎಣಿಸುವುದು ಹೇಗೆ ಎಂಬುದನ್ನು ಈ ದಿನ ವಿಚಾರ ಮಾಡೋಣ.

ಹೆಸರು ಹಿಡಿದೇ ಮಾತಾಡೋಣ. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಗಾಡಿ ಹೀರೋ ಸ್ಪ್ಲೆಂಡರ್ ಪ್ಲಸ್. ಅದರ ಎಂಜಿನ್ನು 97.2 ಸಿ.ಸಿ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು 125 ಸಿ.ಸಿ. ವರ್ಗ. ಅದರಲ್ಲಿ ಹೋಂಡಾ ಶೈನ್ 2006ರಿಂದ ಓಡುತ್ತಿದೆ; ಅದರ ಎಂಜಿನ್ನು 123.94 ಸಿ.ಸಿ. ಸಿ.ಸಿ. ಎಂದರೆ ಬೇರೇನಲ್ಲ, ಎಂಜಿನ್ನಿನ ಹೊಟ್ಟೆಯ ಅಳತೆ. ಹೊಟ್ಟೆ ದೊಡ್ಡದಾದರೆ ಮೇವೂ ಹೆಚ್ಚು, ಕಸುವೂ ಹೆಚ್ಚು. ಆ ಹೆಚ್ಚಿನ ಕಸುವು ನಿಮಗೆ ಬೇಕೋ ಬೇಡವೋ ಎಂಬುದೇ ಪ್ರಶ್ನೆ.

ಕಸುವಿನಲ್ಲಿ ಎರಡು ಬಗೆ. ಓಟದ ಹೋರಿಯ ಕಸುವು ಬೇರೆ, ಕೆಸರಿನಲ್ಲಿ ಗಾಡಿ ಎಳೆಯುವ ಎತ್ತಿನ ಕಸುವು ಬೇರೆ. ಕಾಗದದಲ್ಲಿ ಓಟದ ಕಸುವನ್ನು 'ಪವರ್' ಎಂದೂ ಎಳೆತದ ಕಸುವನ್ನು 'ಟಾರ್ಕ್' ಎಂದೂ ಬರೆದಿರುತ್ತಾರೆ. ನಾವು ನೋಡಬೇಕಾದ್ದು ಎರಡನೆಯದನ್ನು. ಸ್ಪ್ಲೆಂಡರಿನದು ಸುಮಾರು 8 ನ್ಯೂಟನ್ ಮೀಟರ್, ಶೈನಿನದು ಸುಮಾರು 11. ಎರಡರ ತೂಕ ಹೆಚ್ಚುಕಡಿಮೆ ಒಂದೇ, 112-113 ಕಿಲೋ. ಮೊದಲನೆಯದಕ್ಕೆ ನಾಲ್ಕು ಗೇರು. ಎರಡನೆಯದಕ್ಕೆ 2020ರಿಂದ ಐದು.

ಇದರ ಅರ್ಥ ಹೊಲದ ದಾರಿಯಲ್ಲಿ ಏನು? ಲೆಕ್ಕ ಹಾಕಿ. ಒಂದು ಲೀಟರು ಹಾಲು ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಇಪ್ಪತ್ತು ಲೀಟರಿನ ಎರಡು ಕ್ಯಾನು ತುಂಬಿದರೆ ಹಾಲೇ 41 ಕಿಲೋ, ಮೇಲೆ ಕ್ಯಾನಿನ ತೂಕ. ಓಡಿಸುವವನು 65 ಕಿಲೋ ಎಂದಿಟ್ಟುಕೊಂಡರೆ ಗಾಡಿ ತನ್ನಷ್ಟೇ ಭಾರವನ್ನು ಬೆನ್ನ ಮೇಲೆ ಹೊತ್ತಂತಾಯಿತು. ಇನ್ನು ಏರುದಾರಿ ಬಂದರೆ ಸಣ್ಣ ಎಂಜಿನ್ನನ್ನು ಒಂದನೇ, ಎರಡನೇ ಗೇರಿನಲ್ಲಿ ಅರಚಿಸಿಕೊಂಡೇ ಹೋಗಬೇಕು. ಹಾಗೆ ದಿನಾ ದುಡಿಸಿದರೆ ಅದರ ಹೆಸರುವಾಸಿ ಮೈಲೇಜೂ ಉಳಿಯುವುದಿಲ್ಲ, ಕ್ಲಚ್ಚಿನ ಬಿಲ್ಲೆಯೂ ಬೇಗ ಸವೆಯುತ್ತದೆ. ದಿನಾ ಭಾರ ಹೊರುವವನಿಗೆ, ಹೆಂಡತಿ ಮಗುವನ್ನು ಕೂರಿಸಿಕೊಂಡು ದಿಬ್ಬ ಹತ್ತುವವನಿಗೆ 125 ತಕ್ಕದ್ದು. ಒಬ್ಬನೇ ತೋಟಕ್ಕೆ ಹೋಗಿ ಬರುವವನಿಗೆ 100 ಸಾಲದೇ? ಧಾರಾಳವಾಗಿ ಸಾಕು. ನೆರೆಮನೆಯವನು ದೊಡ್ಡದು ತಂದ ಅಂತ ನೀವೂ ತರಬೇಕಾಗಿಲ್ಲ.

ಈಗ ಮೈಲೇಜಿನ ಮಾತು. ಜಾಹೀರಾತಿನ ಅಂಕಿ ಪರೀಕ್ಷಾ ಶಾಲೆಯಲ್ಲಿ ಉರುಳೆಗಳ ಮೇಲೆ ಚಕ್ರ ತಿರುಗಿಸಿ ಪಡೆದದ್ದು. ಅಲ್ಲಿ ಹಾಲಿನ ಕ್ಯಾನಿಲ್ಲ, ಗುಂಡಿಯಿಲ್ಲ, ಎದುರುಗಾಳಿಯಿಲ್ಲ. ನಿಮ್ಮೂರಲ್ಲಿ ಅದೇ ಗಾಡಿ ಇಟ್ಟುಕೊಂಡವರಿದ್ದರೆ ಅವರನ್ನು ಕೇಳಿ ಹೀಗೆ ಮಾಡಿಸಿ: ಟ್ಯಾಂಕಿನ ಕತ್ತಿನ ತನಕ ಪೆಟ್ರೋಲು ತುಂಬಿಸಿ ಮೀಟರಿನ ಅಂಕಿ ಬರೆದಿಡಿ. ಒಂದು ವಾರ ಎಂದಿನಂತೆ ಓಡಿಸಿ. ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. 330 ಕಿಲೋಮೀಟರಿಗೆ 6 ಲೀಟರು ಹಿಡಿಯಿತೋ, ಲೀಟರಿಗೆ 55. ಅದೇ ನಿಜವಾದ ಮೈಲೇಜು.

ಎರಡು ಗಾಡಿಗಳ ನಡುವೆ ಲೀಟರಿಗೆ ಹತ್ತು ಕಿಲೋಮೀಟರು ವ್ಯತ್ಯಾಸ ಅಂದರೆ ಭಾರಿ ಆಯಿತು ಅನ್ನಿಸುತ್ತದೆ. ತಿಂಗಳಿಗೆ 1000 ಕಿಲೋಮೀಟರು ಓಡುವವನಿಗೆ 60 ಕೊಡುವ ಗಾಡಿ 16.7 ಲೀಟರು ಕುಡಿದರೆ 50 ಕೊಡುವುದು 20 ಲೀಟರು ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿ ಹಿಡಿದರೆ ಮುನ್ನೂರಮೂವತ್ತು ರೂಪಾಯಿಯ ಮಾತು. 300 ಕಿಲೋಮೀಟರು ಮಾತ್ರ ಓಡುವವನಿಗೆ ನೂರೇ ರೂಪಾಯಿ. ಇನ್ನೊಂದು ಸಂಗತಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲು ಸೇರಿರುತ್ತದೆ. ನಾವೇ ಬೆಳೆದ ಕಬ್ಬು, ಮೆಕ್ಕೆಜೋಳದಿಂದ ಬಂದದ್ದು. ಒಂದು ಲೀಟರು ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ ಕಾವು. ಆದ್ದರಿಂದ ಮೈಲೇಜು ತುಸು ಇಳಿದರೆ ಗಾಡಿಯನ್ನು ಬೈಯಬೇಡಿ. ಎಥನಾಲು ನೀರನ್ನು ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿಡಬೇಡಿ. ಹಳೆಯ ಗಾಡಿ ಕೊಳ್ಳುವವರು ಅದರ ರಬ್ಬರು ಕೊಳವೆಗಳನ್ನು ನೋಡಿಕೊಳ್ಳಿ.

ಬ್ರೇಕಿನ ವಿಷಯಕ್ಕೆ ಬರುತ್ತೇನೆ. ಇದನ್ನು ಕೇಳಿ ಕೊಳ್ಳುವವರು ಅಪರೂಪ. ಒಮ್ಮೆ ಕೆಮ್ಮಣ್ಣಿನ ಇಳಿಜಾರಿನಲ್ಲಿ ನಾಯಿ ಅಡ್ಡ ಬಂತೆಂದು ಹಿಂದಿನ ಬ್ರೇಕನ್ನು ಮಾತ್ರ ಒದ್ದೆ. ಚಕ್ರ ಕಚ್ಚಿ ನಿಂತಿತು, ಗಾಡಿ ಅಡ್ಡಡ್ಡ ಜಾರಿತು, ನಾನು ಬೇಲಿಯಲ್ಲಿ. ಮೊಣಕೈಯ ಕಲೆ ಇನ್ನೂ ಇದೆ. ತಪ್ಪು ನನ್ನದೇ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಆದ್ದರಿಂದ ನಿಲ್ಲಿಸುವ ಕೆಲಸ ಹೆಚ್ಚಾಗಿ ಮುಂದಿನ ಚಕ್ರದ್ದು. ನಮ್ಮವರಿಗೋ, ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಎಂಬ ಭಯ! ಈ ಕಾರಣಕ್ಕೇ 2019ರ ಏಪ್ರಿಲಿನಿಂದ 125 ಸಿ.ಸಿ.ವರೆಗಿನ ಗಾಡಿಗಳಿಗೆ ಜಂಟಿ ಬ್ರೇಕು ಕಡ್ಡಾಯವಾಯಿತು: ಹಿಂದಿನದನ್ನು ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಶೈನಿನಲ್ಲಿ ಮುಂದೆ ಡ್ರಮ್ಮು ಬ್ರೇಕಿನದೂ ಸಿಗುತ್ತದೆ, ಡಿಸ್ಕಿನದೂ ಸಿಗುತ್ತದೆ. ಹಳ್ಳ ದಾಟಿ ಬಂದ ಮೇಲೆ ಡ್ರಮ್ಮಿನೊಳಗೆ ನೀರು ಸೇರಿದ್ದರೆ ಒಣಗುವ ತನಕ ಬ್ರೇಕು ಹಿಡಿಯುವುದಿಲ್ಲ. ಡಿಸ್ಕಿಗೆ ಕೊಡುವ ಹೆಚ್ಚಿನ ದುಡ್ಡನ್ನು ಮಾತ್ರ ಉಳಿಸಲು ಹೋಗಬೇಡಿ ಎಂದು ನಾನು ಹೇಳುತ್ತೇನೆ. ಬೇಕಾದರೆ ಚಂದದ ಚಕ್ರ ಬಿಡಿ, ಬಣ್ಣ ಬಿಡಿ. ಕ್ಯಾನುಗಳನ್ನು ಎರಡು ಬದಿಗೂ ಸಮನಾಗಿ ತೂಗಿಹಾಕಿ. ಒಂದೇ ಬದಿಗೆ ಭಾರವಾದರೆ ಯಾವ ಬ್ರೇಕೂ ಗಾಡಿಯನ್ನು ನೆಟ್ಟಗೆ ನಿಲ್ಲಿಸಲಾರದು.

ರಿಪೇರಿಯ ಸಂಗತಿಯೂ ಬದಲಾಗಿದೆ. 2020ರ ಏಪ್ರಿಲಿನಲ್ಲಿ ಹೊಗೆಯ ಹೊಸ ನಿಯಮ ಬಂದ ಮೇಲೆ ಇಂಥ ಗಾಡಿಗಳಲ್ಲಿ ಕಾರ್ಬುರೇಟರು ಹೋಗಿ ವಿದ್ಯುತ್ತಿನಿಂದ ಪೆಟ್ರೋಲು ಚಿಮುಕಿಸುವ ಏರ್ಪಾಡು ಬಂದಿದೆ. ಚಳಿಗೆ ಚೋಕು ಎಳೆಯುವ ತಾಪತ್ರಯವಿಲ್ಲ, ನಿಜ. ಆದರೆ ಊರಿನ ಮೇಸ್ತ್ರಿ ಪಿನ್ನು ಹಾಕಿ ಚುಚ್ಚಿ ಸರಿಮಾಡುವ ಕಾಲವೂ ಹೋಯಿತು. ಬ್ಯಾಟರಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲೇಬೇಕು. ಅದನ್ನು ಬಲ್ಲ ರಿಪೇರಿ ಅಂಗಡಿ ನಿಮ್ಮೂರಿಗೆ ಎಷ್ಟು ದೂರ ಅಂತ ಮೊದಲು ತಿಳಿಯಿರಿ.

ಬೆಲೆ ಕೇಳುವಾಗ ನೋಂದಣಿ, ವಿಮೆ ಎಲ್ಲ ಸೇರಿ ರಸ್ತೆಗೆ ಇಳಿಯುವ ಬೆಲೆಯನ್ನೇ ಚೀಟಿಯಲ್ಲಿ ಬರೆಸಿಕೊಳ್ಳಿ. 350 ಸಿ.ಸಿ.ವರೆಗಿನ ಗಾಡಿಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಂದು ಶೇಕಡ 28ರಿಂದ 18ಕ್ಕೆ ಇಳಿದಿದೆ. ಕಂತು ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ತಿಂಗಳಿಗೆ 3,200 ಅಂದರೆ ಹಗುರ ಕಾಣುತ್ತದೆ. 36 ತಿಂಗಳಿಗೆ ಅದು 1,15,200, ಮೇಲೆ ನೀವು ಮುಂಗಡ ಕಟ್ಟಿದ್ದು ಬೇರೆ.

ಕಡೆಗೆ, ಒಬ್ಬರೇ ಹೋಗಬೇಡಿ. ಶೈನಿನ ಸೀಟು ನೆಲದಿಂದ 791 ಮಿಲಿಮೀಟರು ಎತ್ತರ. ಮನೆಯಲ್ಲಿ ಯಾರು ಯಾರು ಓಡಿಸುತ್ತಾರೋ, ಮಗಳಾಗಲಿ ತಮ್ಮನಾಗಲಿ, ಅವರನ್ನೂ ಕರೆದೊಯ್ದು ಕೂರಿಸಿ ನೋಡಿ. ಎರಡೂ ಪಾದ ನೆಲಕ್ಕೆ ಊರಬೇಕು. ಆಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಪಟ್ಟಣದ ಡಾಂಬರು ಬಿಟ್ಟು ಒಂದು ದಿಬ್ಬವಿರುವ ಕಡೆ ಓಡಿಸಿ ನೋಡಲು ಕೇಳಿ. ಅಂಗಡಿಯವನು ಹಿಂದುಮುಂದು ನೋಡಿದರೆ ಪಕ್ಕದ ಊರಿನಲ್ಲೂ ಅಂಗಡಿ ಇದ್ದೀತು.